ಒಂದೇ ಐಡಿಯ ಮನೆತನ

ನಮ್ಮ ಹೊಸಪೇಟೆಯ ಮನೆಯ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಪುಟ್ಟ ಮೋಡದ ಚಿತ್ರವಿದೆ. ಹೋದ ವರ್ಷ ಮೂರು ವಾರ ಅದರ ಮೇಲೊಂದು ಕೆಂಪು ಗುರುತು ಕೂತಿತ್ತು. ಸಿಂಕ್ ಆಗುತ್ತಿಲ್ಲ, ಜಾಗ ತುಂಬಿದೆ, ಇನ್ನಷ್ಟು ಜಾಗ ಕೊಂಡುಕೊಳ್ಳಿ ಎಂದು ದಿನಕ್ಕೆ ಹತ್ತು ಸಲ ಅದರ ಉಪದೇಶ. ನನ್ನ ಸಾಮಾನು ತಾನಿಟ್ಟುಕೊಂಡು ನನಗೇ ಬುದ್ಧಿ ಹೇಳುವ ಅದರ ಧಿಮಾಕು ಕಂಡರೆ ಮೈ ಉರಿಯುತ್ತಿತ್ತು.

ನನಗೆ ಬೇಕಿದ್ದದ್ದು ಒಂದೇ ಒಂದು ಫೈಲು. ಅದರಲ್ಲಿ ಅಪ್ಪನ ದನಿ ಇತ್ತು.

ಅಪ್ಪ ಬುಕ್ಕಸಾಗರದಲ್ಲಿ ನೀರಗಂಟಿಯಾಗಿದ್ದ. ಕಾಲುವೆ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಬಿಡುವ ಕೆಲಸ. ಬದುವಿನ ಮೇಲೆ ನಿಂತು ಒಮ್ಮೆ ಕೂಗಿದರೆ ನಾಲ್ಕು ಗದ್ದೆ ಆಚೆಗಿದ್ದವನು ಎದ್ದು ಬರಬೇಕು, ಅಂಥ ಗಂಟಲು. ಆ ಗಂಟಲಿಗೇ ಗಡ್ಡೆಯಾಗಿ, ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಈಗ ನಮ್ಮ ಜೊತೆಗೇ ಇದ್ದಾನೆ, ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾನೆ. ಆಪರೇಷನ್ನಿಗೆ ಮುಂಚಿನ ಭಾನುವಾರ ಒಂದೂವರೆ ತಾಸು ಅವನ ಮಾತನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ. ನನ್ನ ಮಗಳು ಹುಟ್ಟಿದ್ದು ಆಮೇಲೆ. ತಾತನ ದನಿ ಹೇಗಿತ್ತೆಂದು ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ನಾಲ್ಕು ತುಂಬಿದ ದಿನ ಅಪ್ಪ ಬರೆದ: ‘ನನ್ನ ಮಾತು ಹಚ್ಚು. ಕೂಸು ಕೇಳಲಿ.’

ಹಚ್ಚಲು ಹೋದರೆ ಫೈಲಿನ ಹೆಸರು ಕಾಣುತ್ತಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಅಸಲು ಇರುವುದು ಮೇಲೆಲ್ಲೋ, ಇಲ್ಲಿರುವುದು ಬರೀ ಹೆಸರು. ಸಿಂಕ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಲಾಗೌಟ್ ಆಗಿ ಲಾಗಿನ್ ಆದೆ. ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಹಾಕಿದೆ. ಸಹಾಯವಾಣಿಯ ಹೆಣ್ಣುಮಗಳು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, ನಿಮ್ಮ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಸರ್ ಎಂದಳು. ಅವಳ ಮೇಲೆ ರೇಗಿದೆ. ಹೆಂಡತಿಯ ಮೇಲೂ ರೇಗಿದೆ. ಅಪ್ಪ ದಿನಾ ಬೆಳಿಗ್ಗೆ ಬಂದು ಕುರ್ಚಿಯ ಹಿಂದೆ ನಿಂತು ಹೋಗುತ್ತಿದ್ದ.

ನಾಲ್ಕನೇ ವಾರದ ಮೊದಲ ದಿನ ಕೆಂಪು ಹೋಗಿ ಹಸಿರು ಬಂದಿತ್ತು. ಖುಷಿಯಿಂದ ಫೋಲ್ಡರ್ ತೆರೆದೆ. ಹೆಸರೂ ಇರಲಿಲ್ಲ.

ಇದು ಯಾರ ಕೆಲಸ ಎಂದು ಹುಡುಕುತ್ತಾ ಹೋದಾಗ ನನ್ನ ಬುಡಕ್ಕೇ ಬಂತು. ನಾನು ಸಂಡೂರಿನ ಗಣಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ನಮ್ಮ ಮನೆತನದಲ್ಲಿ ಯಾರೇ ಹೊಸ ಫೋನ್ ತಂದರೂ ಡಬ್ಬಿ ಸಮೇತ ನನ್ನ ಹತ್ತಿರ ಬರುತ್ತಿದ್ದರು. ಇಮೇಲ್ ಐಡಿ ಯಾರಿಗೂ ಇರಲಿಲ್ಲ. ಎಲ್ಲರದಕ್ಕೂ ನನ್ನ ಐಡಿಯನ್ನೇ ಹಾಕಿ ಕೊಟ್ಟೆ. ಕಂಪ್ಲಿಯ ಅಕ್ಕ, ಬಂಡ್ರಿಯ ಮಾವ, ಹಂಪಿಯಲ್ಲಿ ಆಟೋ ಓಡಿಸುವ ಚಿಕ್ಕಪ್ಪ, ಹೀಗೆ ಆರು ಫೋನು. ಒಂದೇ ಮನೆಯವರಿಗೆ ಒಂದೇ ಐಡಿ ಸಾಕು ಎಂದು ದೊಡ್ಡಸ್ತಿಕೆಯಿಂದ ಹೇಳಿದ್ದೂ ನಾನೇ. ಆರು ಮನೆಯ ಸೀಮಂತ, ಗೃಹಪ್ರವೇಶ, ಶುಭೋದಯದ ಗುಲಾಬಿ ಹೂವು ಎಲ್ಲವೂ ಅಪ್ಪನ ದನಿಯ ಪಕ್ಕಕ್ಕೇ ಹೋಗಿ ಬೀಳುತ್ತಿದ್ದವು.

ಉಳಿದವರನ್ನೆಲ್ಲ ಕೇಳಿದ ಮೇಲೆ ಅಳಿಸಿದ್ದು ಅಕ್ಕನೇ ಎಂದು ಗೊತ್ತಾಯಿತು. ಅವಳಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಫೋನು ತುಂಬೈತಿ ಅಂತ ದಿನಾ ಬಡ್ಕೊಂತಿತ್ತು. ದೊಡ್ದೊಡ್ಡವು ನೋಡಿ ತಗದೆ. ನಿನ್ನವೂ ಅದರಾಗ ಅದಾವಂತ ನನಗೇನು ಗೊತ್ತು? ಐಡಿ ಹಾಕಿದಾವ ನೀನ ಅಲ್ಲೇನು?”

ಆಮೇಲೆ ಅವಳು ಅತ್ತಳು. ಅವಳಿಗೂ ಅವನು ಅಪ್ಪನೇ ಎಂಬುದು ನನ್ನ ಸಿಟ್ಟಿನಲ್ಲಿ ಮರೆತೇ ಹೋಗಿತ್ತು. ಯಾವಾಗ ಅಳಿಸಿದೆ ಎಂದು ಕೇಳಿದ್ದಕ್ಕೆ, ಮೊನ್ನೆ ಅಮಾವಾಸ್ಯೆಯ ದಿನ ಎಂದಳು. ಅಳಿಸಿದ್ದು ಒಂದು ತಿಂಗಳು ಕಸದ ಬುಟ್ಟಿಯಲ್ಲಿ ಇರುತ್ತದೆಂದು ಆಗ ನೆನಪಾಯಿತು. ಬ್ರೌಸರಿನಲ್ಲಿ ಅಕೌಂಟ್ ತೆರೆದು ಬುಟ್ಟಿಗೆ ಕೈ ಹಾಕಿದೆ. ಚಿಕ್ಕಪ್ಪನ ಮಗಳ ಆರತಕ್ಷತೆಯ ವಿಡಿಯೋಗಳ ಕೆಳಗೆ ಅದು ಸಿಕ್ಕಿತು. ಮೊದಲು ಪೆನ್‌ಡ್ರೈವಿಗೆ ಹಾಕಿದೆ, ಆಮೇಲೆ ಉಸಿರು ಬಿಟ್ಟೆ.

ಭಾನುವಾರ ಅಕ್ಕನೂ ಕಂಪ್ಲಿಯಿಂದ ಬಂದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪ ಕೂತ. ಹಚ್ಚಿದೆ. ಅಪ್ಪನ ದನಿ ಬಂತು, ಅದೇ ತುಂಬು ದನಿ. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಆದರೆ ಎರಡು ಮಾತಿಗೊಮ್ಮೆ ನನ್ನ ದನಿಯೂ ಬರುತ್ತಿತ್ತು. ಜಲ್ದಿ ಹೇಳು, ಅದು ಬಿಡು, ಇದು ಹೇಳು. ಕಾಲುವೆಯ ಸರದಿ ಲೆಕ್ಕವನ್ನು ಬರೆದಿಡಬೇಕೆಂಬ ಹುಚ್ಚು ಆಗ ನನಗೆ. ಅರ್ಧ ತಾಸಿನ ಹೊತ್ತಿಗೆ ಅಪ್ಪ, “ನಿಮ್ಮವ್ವ ಮೊದಲನೇ ಸಲ ಗದ್ದಿಗೆ ಬುತ್ತಿ ತಂದಾಗ ಏನಾತಂದ್ರ” ಎಂದು ಶುರು ಮಾಡಿದ.

“ಅದು ಬ್ಯಾಡಪ್ಪಾ, ಮೊದಲು ತೂಬಿನ ಸುದ್ದಿ ಮುಗಸು,” ಎಂದಿದ್ದೆ ನಾನು.

“ಆತಪಾ. ಆಮ್ಯಾಲ ಹೇಳ್ತೀನಿ.”

ಆಮೇಲೆ ಉಳಿದ ಒಂದು ತಾಸಿನಲ್ಲಿ ಅದು ಎಲ್ಲಿಯೂ ಇಲ್ಲ. ಅವ್ವ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ನಾನು ಯಂತ್ರವನ್ನು, ಸಹಾಯವಾಣಿಯವಳನ್ನು, ಅಕ್ಕನನ್ನು ಬೈದದ್ದೆಲ್ಲ ನನ್ನ ಮುಖಕ್ಕೇ ಬಂದು ಬಿತ್ತು. ಈಗಲಾದರೂ ಬರೆದು ಹೇಳು ಎಂದು ಅಪ್ಪನನ್ನು ಬೇಡಿಕೊಂಡೆ. ಅವನು ಬೇಡವೆಂದು ತಲೆಯಾಡಿಸಿ, ತೂಬಿನ ಸುದ್ದಿಯನ್ನೇ ಮತ್ತೆ ಹಚ್ಚು ಎಂದು ಕೈಸನ್ನೆ ಮಾಡಿದ.