ವಿಮಾನದ ಬಯಲಲ್ಲಿ ಹುರುಳಿ

ಸಾತನೂರಿನಿಂದಾಚೆ ಬಸ್ಸಿಳಿದು ಎರಡು ಮೈಲಿ ನಡೆದರೆ ಒಂದು ಸಿಮೆಂಟು ಪಟ್ಟಿ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ವಿಮಾನಕ್ಕೆಂದು ಮಾಡಿಸಿ, ಯುದ್ಧ ಮುಗಿದ ಮೇಲೆ ಬಿಟ್ಟುಹೋದದ್ದು. ಆಮೇಲೆ ಎಪ್ಪತ್ತು ವರ್ಷ ಅದು ಊರಿನ ಕಣವಾಗಿತ್ತು. ರಾಗಿಯಾಗಲಿ ಹುರುಳಿಯಾಗಲಿ ಅಲ್ಲೇ ಹರಡುವುದು, ಅಲ್ಲೇ ಬಡಿಯುವುದು. ಅಂಥ ಕಣ ಮೈಸೂರು ಅರಮನೆಗೂ ಇಲ್ಲವೆಂದು ಊರವರ ಜಂಬ. ಈಗ ಬೆಂಗಳೂರಿನ ಕ್ಲಬ್ಬಿನವರು ಭಾನುವಾರ ಭಾನುವಾರ ಇಬ್ಬರು ಕೂರುವ ಪುಟ್ಟ ವಿಮಾನ ಹಾರಿಸಿ ಖುಷಿಪಡುತ್ತಾರೆ. ಆ ಪಟ್ಟಿಯ ಕಾವಲುಗಾರನೇ ಚಿಕ್ಕಹನುಮಯ್ಯ.

ಕೆಲಸವೇನೂ ದೊಡ್ಡದಲ್ಲ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಏರಿಸಬೇಕು, ದನ ನಾಯಿ ಅಟ್ಟಬೇಕು. ಕಷ್ಟವಿದ್ದದ್ದು ಊರವರನ್ನು ಅಟ್ಟುವುದರಲ್ಲಿ. ಕಾಳಿನ ಮೇಲೆ ಚಕ್ರ ಹತ್ತಿದರೆ ವಿಮಾನ ಜಾರುತ್ತದೆ ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಕೊನೆಗೆ ಊರ ಹಿರಿಯರನ್ನು ಸೇರಿಸಿ ಅವನೇ ಒಂದು ಕಟ್ಟು ಮಾಡಿಸಿದ: ಪಟ್ಟಿಯ ಮೇಲೆ ಹರಡಿದ ಕಾಳು ಮಾರಮ್ಮನ ಗುಡಿಗೆ. ಹೋದ ವರ್ಷ ಪಕ್ಕದ ಬೀದಿಯ ಮಾಯಮ್ಮನ ಎರಡು ಮೂಟೆ ಹುರುಳಿ ಹಾಗೇ ಹೋಯಿತು. ಅವಳು ಹಿಡಿ ಮಣ್ಣು ತೂರಿ ಶಪಿಸಿದಳು. ಕಟ್ಟು ಎಂದರೆ ಕಟ್ಟು ಎಂದು ಇವನು ಬೀಗಿದ. ಆ ಮಾತಿನ ಮೇಲೇ ಊರಿನಲ್ಲಿ ಅವನ ಮರ್ಯಾದೆ ನಿಂತಿತ್ತು.

ಈ ವರ್ಷ ಸುಗ್ಗಿಯಲ್ಲಿ ಅಕಾಲ ಮಳೆ ಬಂದು ಮನೆಯ ಕಣ ಕೆಸರಾಯಿತು. ಇನ್ನೆರಡು ದಿನ ಬಿಟ್ಟರೆ ಹುರುಳಿ ಮೊಳಕೆಯೊಡೆಯುತ್ತಿತ್ತು. ಮೋಡವಿದೆ, ಭಾನುವಾರ ಹಾರಾಟವಿಲ್ಲ ಎಂದು ಕ್ಲಬ್ಬಿನಿಂದ ಫೋನು ಬಂತು. ಅದನ್ನು ಅವನು ಹೆಂಡತಿ ವರಲಕ್ಷ್ಮಮ್ಮನ ಎದುರು ಎರಡು ಸಲ ಹೇಳಿದ. ಎರಡನೇ ಸಲ ಹೇಳುವ ಅಗತ್ಯವಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರ ಹುರುಳಿ ಪಟ್ಟಿಯ ಮೇಲಿತ್ತು. ಅವನು ನೋಡಿಯೂ ನೋಡದವನಂತೆ ಬೀಡಿ ಹಚ್ಚಿದ.

ಹತ್ತು ಗಂಟೆಗೆ ಬಿಸಿಲು ಬಂತು, ಬಿಸಿಲಿನ ಹಿಂದೆಯೇ ವಿಮಾನದ ಸದ್ದೂ ಬಂತು. ಮೈಸೂರಿನಲ್ಲಿ ತಂಗಿದ್ದ ಕ್ಲಬ್ಬಿನ ನಯನಾ ಮೇಡಂ ಮರಳುತ್ತಿದ್ದರು. ಚಿಕ್ಕಹನುಮಯ್ಯ ಪಟ್ಟಿಯತ್ತ ಓಡಿದ. ಇಳಿಯಬೇಡಿ ಎನ್ನಲು ಬಿಳಿ ಬಟ್ಟೆಯನ್ನು ಕತ್ತರಿಯಂತೆ ಹಾಸಬೇಕು. ಆ ಬಟ್ಟೆ ದೂರದ ಶೆಡ್ಡಿನಲ್ಲಿತ್ತು. ಉಟ್ಟ ಪಂಚೆಯನ್ನೇ ಬಿಚ್ಚಿ, ಎರಡಾಗಿ ಸೀಳಿ ಹಾಸಿ, ಚಡ್ಡಿಯಲ್ಲೇ ನಿಂತ. ವಿಮಾನ ಇಳಿದಂತೆ ಮಾಡಿ ಮೇಲೇರಿ ಸುತ್ತತೊಡಗಿತು. ಅವನು ಅಟ್ಟಿದ್ದ ಜನವೇ ಪೊರಕೆ ಹಿಡಿದು ಓಡಿಬಂದರು. ಗುಡಿಸಿದವರಲ್ಲಿ ಮಾಯಮ್ಮನೂ ಇದ್ದಳು.

ಸುರಕ್ಷಿತವಾಗಿ ಇಳಿದ ಮೇಡಂ, ಯಾರ ಹುರುಳಿ ಇದು ಎಂದು ಕೇಳಿದರು. ಊರು ಬಾಯಿ ಬಿಡಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅವನ ಕೆಲಸಕ್ಕೆ ಕುತ್ತು ಬರುತ್ತಿರಲಿಲ್ಲ.

"ನಮ್ದೇ ಕಣಮ್ಮ," ಎಂದ ಚಿಕ್ಕಹನುಮಯ್ಯ. "ಬೇಲಿನೇ ಎದ್ದು ಹೊಲ ಮೇಯ್ದುಬುಡ್ತು."

ಮೇಡಂ ಅವನನ್ನು ಒಂದು ತಿಂಗಳು ಕೆಲಸದಿಂದ ನಿಲ್ಲಿಸಿದರು. ಪೂರ್ತಿ ಬಿಡಿಸಲಿಲ್ಲ, ಅದು ಪಂಚೆಯ ಪುಣ್ಯ. ಹುರುಳಿಯನ್ನಷ್ಟೂ ಅವನೇ ಹೊತ್ತು ಗುಡಿಗೆ ಹಾಕಿ ಬಂದ. ವರಲಕ್ಷ್ಮಮ್ಮ ಮಾತು ಬಿಟ್ಟಳು.

ಸಂಜೆ ಮಾಯಮ್ಮ ಮೊರದ ತುಂಬ ತನ್ನ ಮನೆಯ ಹುರುಳಿ ತಂದು ವರಲಕ್ಷ್ಮಮ್ಮನ ಮುಂದಿಟ್ಟಳು. ಆಮೇಲೆ ಅವನ ಕಡೆ ತಿರುಗಿದಳು.

"ಹ್ವಾದ್ ವರ್ಸ ಮಣ್ಣು ತೂರಿದ್ದೆ ಕಣಪ್ಪ. ಇವತ್ತು ಅದ್ನ ವಾಪಸ್ ತಕಂಡೆ."