ಕವಡೆಯೊಳಗಿನ ಜೀವ

ಅರವತ್ತರ ದಶಕದ ನಡುವಿನ ಆ ದಿನಗಳಲ್ಲಿ ನಮ್ಮ ಯಳಂದೂರಿಗೆ ಸಮುದ್ರವೆಂದರೆ ಶಾಲೆಯ ಭೂಪಟದ ನೀಲಿ ಬಣ್ಣ, ಅಷ್ಟೆ. ಅದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕಾರವಾರದ ಕಡೆಯ ಸುಮಿತ್ರಾ ಟೀಚರು ವಿಜ್ಞಾನ ಹೇಳಿಕೊಡಲು ಬಂದು, ನಮ್ಮ ಮನೆಯ ಬೀದಿ ಕೋಣೆಯನ್ನು ಬಾಡಿಗೆಗೆ ಹಿಡಿದರು.

ಅವರ ಟ್ರಂಕಿನಲ್ಲಿ ಆರು ಗಾಜಿನ ಜಾಡಿಗಳಿದ್ದವು. ಒಂದರಲ್ಲಿ ಕುದುರೆಯಂಥ ಮುಖವಿದ್ದ ಪುಟ್ಟ ಮೀನು, ಇನ್ನೊಂದರಲ್ಲಿ ಐದು ತೋಳಿನ ನಕ್ಷತ್ರಮೀನು. ಮುಚ್ಚಳ ತೆಗೆದರೆ, ಸತ್ತ ಜೀವಿಗಳು ಕೆಡದಂತೆ ತುಂಬಿದ್ದ ಔಷಧಿಯ, ಕಣ್ಣಲ್ಲಿ ನೀರು ಬರುವ ಘಾಟು. ಆ ಜಾಡಿಗಳನ್ನು ನೋಡಿದವಳು ನಾನೊಬ್ಬಳೇ. "ಅಜ್ಜಿಗೆ ಹೇಳಬೇಡ" ಎಂದಿದ್ದರು ಟೀಚರು.

ಆದರೆ ಅಜ್ಜಿಯ ಮೂಗು ಚುರುಕು. ನಾವು ಮನೆಯಲ್ಲೇ ಸಾಕುತ್ತಿದ್ದ ರೇಷ್ಮೆಹುಳಗಳ ವಾಸನೆಯ ನಡುವೆಯೂ ಆ ಘಾಟು ಅವಳಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಕೋಣೆಗೇ ನುಗ್ಗಿದಳು.

"ಇದೇನವ್ವ, ಲಿಂಗ ಕಟ್ಟಿರೋ ಮನೇಲಿ ಎಣ ತಂದು ಮಡಿಕಂಡಿದ್ದೀಯಾ? ನಾಳೀಕೇ ಕ್ವಾಣೆ ಖಾಲಿ ಮಾಡು!"

ಟೀಚರು ತಲೆ ತಗ್ಗಿಸಿ ಜಾಡಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ನನಗೆ ಅಳು ಒತ್ತರಿಸಿ ಬಂತು. ಅಜ್ಜಿಯೂ ನಾನೂ ದಿನಾ ಚೌಕಾಬಾರ ಆಡುತ್ತಿದ್ದ ಕವಡೆಗಳು ಅವಳ ಸೆರಗಿನ ಗಂಟಿನಲ್ಲೇ ಇದ್ದವು.

"ಅಜ್ಜಿ, ನಿನ್ ಕವಡೇನೂ ಅದೇ ಕಣಜ್ಜಿ! ಅದ್ರೊಳಗೂ ಜೀವ ಇತ್ತಂತೆ. ಅದು ಸತ್ತ ಮ್ಯಾಲೆ ಉಳ್ಕಂಡಿರೋ ಮನೆ ಅಂತೆ ಅದು" ಎಂದುಬಿಟ್ಟೆ.

ಅಜ್ಜಿ ನನ್ನನ್ನು ಬೈಯಲಿಲ್ಲ. ಗಂಟು ಬಿಚ್ಚಿ ಕವಡೆಗಳನ್ನು ಅಂಗೈಯಲ್ಲಿ ನೋಡುತ್ತಾ ಹೊರಟುಹೋದಳು. ಮೂರು ದಿನ ಆಟವಿಲ್ಲ, ಮಾತಿಲ್ಲ. ಉಪ್ಸಾರು ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಕೋಣೆ ಖಾಲಿ ಮಾಡುವ ಮಾತನ್ನೂ ಮತ್ತೆ ಎತ್ತಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಟೀಚರ ಬಾಗಿಲಲ್ಲಿ ನಿಂತಳು.

"ಟೀಚರಮ್ಮ, ಇದ್ರಲ್ಲಿ ಜೀವ ಇದ್ದಾಗ ಎಂಗಿರ್ತಿತ್ತು?"

"ಮೆತ್ತನೆಯ ಮೈ ಅಜ್ಜಿ. ತೆಳ್ಳನೆ ಸೆರಗಿನ ಹಾಗೆ ಹೊರಗೆ ಬಂದು ಚಿಪ್ಪನ್ನೆಲ್ಲ ಹೊದ್ದುಕೊಳ್ಳುತ್ತೆ. ಅದಕ್ಕೇ ಚಿಪ್ಪು ಇಷ್ಟು ನುಣುಪು."

"ಅಯ್ ಶಿವನೆ, ಸೆರಗೊದ್ಕಂಡು ಓಡಾಡ್ತದಾ!" ಅಜ್ಜಿ ಹೊಸಿಲ ಮೇಲೆ ಕೂತಳು. "ಇರ್ಲಿ ಬುಡು. ಅಡಿಗೆಮನೆ ತಾವಕ್ಕೆ ಮಾತ್ರ ತರಬ್ಯಾಡ."

ಅಂದಿನಿಂದ ಸಂಜೆಗಳೆಲ್ಲ ಸಮುದ್ರದವು. ಹುಳಗಳಿಗೆ ಸೊಪ್ಪು ಹಾಕಿ ಬಂದು ಮೂವರೂ ಜಗಲಿಯಲ್ಲಿ ಕೂರುತ್ತಿದ್ದೆವು. ಒಳಗೆ ಸಾವಿರಾರು ಹುಳಗಳು ಎಲೆ ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಮರಳ ಮೇಲಿಂದ ಅಲೆ ಹಿಂದೆ ಸರಿಯುವಾಗ ಹೀಗೇ ಸದ್ದಾಗುತ್ತದೆ ಎಂದಿದ್ದರು ಟೀಚರು. ದೂರದಲ್ಲಿ ಬಿಳಿಗಿರಿ ಬೆಟ್ಟ ನೀಲಿಯಾಗಿ, ಆಮೇಲೆ ಇನ್ನೂ ನೀಲಿಯಾಗಿ ಕರಗುತ್ತಿತ್ತು. ನಮ್ಮ ಬೀದಿಯೇ ನೀರಿನ ತಳದಲ್ಲಿದೆ, ಎತ್ತಿನಗಾಡಿಗಳು ಮೆಲ್ಲಗೆ ತೇಲಿಹೋಗುತ್ತಿವೆ ಎಂದು ನನಗನ್ನಿಸುತ್ತಿತ್ತು.

ಗ್ರೀಸ್ ದೇಶದ ಪಂಡಿತನೊಬ್ಬ ಬೆಸ್ತರ ಪಕ್ಕ ಕೂತು ಮೀನುಗಳ ವಿಷಯ ಕೇಳಿ ಕೇಳಿ ಬರೆದಿಟ್ಟದ್ದನ್ನು ಟೀಚರು ಹೇಳಿದರು. ಅವನಾದ ಬಹುಕಾಲದ ಮೇಲೆ ಬಂದ ವಿದ್ವಾಂಸರು, ತೀರ ಆಳದಲ್ಲಿ ಜೀವವೇ ಇರಲಾರದೆಂದು ನಂಬಿದ್ದರಂತೆ. ಸಮುದ್ರದ ತಳದಲ್ಲಿ ಹಾಸಿದ್ದ ಟೆಲಿಗ್ರಾಮಿನ ತಂತಿ ಕೆಟ್ಟು, ರಿಪೇರಿಗೆಂದು ಮೇಲೆಳೆದರೆ, ಅದಕ್ಕೆ ಜೀವಿಗಳು ಅಂಟಿಕೊಂಡಿದ್ದವಂತೆ!

"ನಮ್ಮೂರಿಗೆ ತಂತಿ ಬಂದ್ರೆ ಸಾವು. ಅಲ್ಲಿ ತಂತೀಲಿ ಜೀವ ಬಂತಾ!" ಎಂದು ಅಜ್ಜಿ ಬೆರಗಾದಳು.

ಮೂರು ವರ್ಷಕ್ಕೂ ಮೀರಿ ಸಮುದ್ರ ಸುತ್ತಿ, ಅಲ್ಲಲ್ಲಿ ಹಗ್ಗ ಇಳಿಬಿಟ್ಟು ಆಳ ಅಳೆದ ಹಡಗಿನ ಕಥೆಯನ್ನಂತೂ ಅಜ್ಜಿ ಎಷ್ಟು ಸಲ ಹೇಳಿಸಿದಳೋ. "ಬೆಳಕಿಲ್ದೆ ಎಂಗ್ ಬದುಕ್ತವೆ? ಉಪ್ಪುನೀರು ಕುಡುದ್ರೆ ದಾಹ ಆಗಕಿಲ್ವಾ? ಮೀನಿಗೆ ನಿದ್ದೆ ಬತ್ತದಾ?" ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ.

ಒಂದು ದಿನ ಅಜ್ಜಿ ಕೇಳಿದಳು: "ಇಷ್ಟೆಲ್ಲ ತಿಳ್ಕಂಡು ಇಲ್ಲಿಗ್ಯಾಕವ್ವ ಬಂದೆ?"

ಟೀಚರು ಹೇಳಿದರು: "ಅದನ್ನೇ ಓದಿದೆ ಅಜ್ಜಿ. ಸಂಶೋಧನಾ ಕೇಂದ್ರದಲ್ಲಿ ಕೆಲಸ ಕೇಳೋಕೆ ಹೋದರೆ, ಹೆಂಗಸರನ್ನ ದೋಣಿ ಹತ್ತಿಸೋಲ್ಲ ಅಂದರು."

"ಅದ್ಯಾರ ಅಪ್ಪಂದಂತೆ ಸಮುದ್ರ? ಇನ್ನೊಂದ್ ಕಿತ ಅರ್ಜಿ ಆಕು. ಇಲ್ಲಾಂದ್ರೂ ಬುಡಬ್ಯಾಡ, ಆಕ್ತಾನೇ ಇರು."

ಅಜ್ಜಿಯ ಕಾಟ ತಾಳಲಾರದೆ ಟೀಚರು ಎರಡು ಸಲ ಅರ್ಜಿ ಬರೆದರು. ಮಾರನೆಯ ಬೇಸಿಗೆಗೆ ಕರಾವಳಿಯ ಸಂಶೋಧನಾ ಕೇಂದ್ರವೊಂದರಿಂದ ಆರ್ಡರು ಬಂತು. ನಾನು ಬಸ್‌ಸ್ಟ್ಯಾಂಡಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ಅಳಲಿಲ್ಲ. "ಎಲ್ಲಾನೂ ನೋಡು, ನೋಡಿದ್ದ ಬರೀ" ಎಂದಳು, ಅಷ್ಟೆ.

ಟೀಚರು ಬರೆದರು. ಮೊದಲ ಕಾಗದದಲ್ಲೇ, ದೋಣಿ ಹತ್ತಿ ತಾವೇ ಬಲೆ ಇಳಿಬಿಟ್ಟ ಸಂಗತಿ ಇತ್ತು. ಅಜ್ಜಿ ಅದನ್ನು, ಮಡಚಿದ ಕಡೆ ಹರಿದುಹೋಗುವವರೆಗೂ ನನ್ನಿಂದ ಓದಿಸಿದಳು. ನನ್ನ ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಅಜ್ಜಿ ಹೋದಳು. ಆ ಸುದ್ದಿ ಬರೆದದ್ದೇ ಟೀಚರಿಗೆ ನನ್ನ ಕೊನೆಯ ಕಾಗದ. ಮದುವೆ, ಮಕ್ಕಳು, ಮುಂದೆ ಬರೆಯಲಾಗಲಿಲ್ಲ.

ನಾನು ಸಮುದ್ರ ನೋಡಿದ್ದು ಐವತ್ತು ದಾಟಿದ ಮೇಲೆ, ಗೋಕರ್ಣಕ್ಕೆ ಹೋದಾಗ. ಪಾದ ಮುಳುಗುವಷ್ಟು ನೀರಿನಲ್ಲಿ ತುಂಬಾ ಹೊತ್ತು ನಿಂತಿದ್ದೆ. ಪಕ್ಕದಲ್ಲೇ ಬೆಸ್ತರ ಹೆಂಗಸೊಬ್ಬಳು ಬಲೆ ಕೊಡವುತ್ತಿದ್ದವಳು, ನಾನು ಅವಳನ್ನೇ ನೋಡುತ್ತಿದ್ದುದನ್ನು ಕಂಡು, "ಏನಮ್ಮ, ಏನಾದರೂ ಕೇಳಬೇಕಾಗಿತ್ತಾ?" ಎಂದಳು. ನನ್ನ ಜಾಗದಲ್ಲಿ ಅಜ್ಜಿ ಇದ್ದಿದ್ದರೆ ಅವಳನ್ನು ಸಂಜೆಯವರೆಗೂ ಬಿಡುತ್ತಿರಲಿಲ್ಲ. ನನಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ.