ಬಿಲ್ಲು ಕಟ್ಟಿದ ಬೇಸಿಗೆ

ಆಗ ನನಗೆ ನಲವತ್ತಾರು. ಮೂವತ್ತು ವರ್ಷದ ಹಿಂದಿನ ಮಾತು. ನಾನು ಓದಿದ್ದು ಮೂರನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಗಳ ಮದುವೆ ಆಗಿಹೋಗಿತ್ತು. ಕೆಳಗಿನ ಮನೆಯಲ್ಲಿ ತೆಲುಗಿನ ಮುದುಕ, ಮುದುಕಿ. ಮುದುಕ ಫಾರೆಸ್ಟ್ ಗಾರ್ಡ್ ಆಗಿದ್ದು ರಿಟೈರ್ ಆದವರು. ಕಾಡಿನವರ ಹತ್ತಿರ ಬಿಲ್ಲು ಕಟ್ಟುವುದನ್ನು ಕಲಿತು ಬಂದಿದ್ದರು. ಅವರ ತೆಲುಗು ನನಗೆ ತಿಳಿಯುತ್ತಿತ್ತು, ನನ್ನ ಕನ್ನಡ ಅವರಿಗೆ. ಇಲ್ಲಿ ಅವರ ಮಾತನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಒಂದು ದಿನ ಮಾಳಿಗೆಯ ಮೇಲೆ ನಾನು ಸಂಡಿಗೆ ಇಡುತ್ತಿದ್ದೆ. ಮುದುಕ ಹೊಸ ಬಿಲ್ಲು, ಒಂದು ಬಾಣ ಹಿಡಿದು ಮೇಲೆ ಬಂದರು, ಎಳೆದು ನೋಡುವುದಕ್ಕೆ.

"ಕೊಡ್ರಿ ಇಲ್ಲೆ, ನೋಡೂಣು," ಎಂದೆ.

"ಸಂಡಿಗಿ ಹಿಟ್ಟಿನ ಕೈಲೇನು?"

ಸೆರಗಿಗೆ ಕೈ ಒರೆಸಿಕೊಂಡು, ಬಾಣ ಹೂಡಿ ಎಳೆದೆ. ಅದು ಜಗ್ಗಲಿಲ್ಲ. ಮುದುಕ ಕಿಸಕ್ಕನೆ ನಕ್ಕರು. ಸಿಟ್ಟು ಬಂದು ಮತ್ತೆ ಎಳೆದೆ. ಈ ಸಲ ಬಂತು. ಬಂದದ್ದೇ ಕೈ ಜಾರಿತು. ಮೊನೆ ಇಲ್ಲದ ಬಾಣ, ಪುಣ್ಯ. ಎಲ್ಲಿಗೆ ಹೋಯಿತೋ, ಇವತ್ತಿಗೂ ಸಿಕ್ಕಿಲ್ಲ. ನನಗೆ ನಗು ಹತ್ತಿಕೊಂಡಿತು. ಕಾರಣ ಏನೂ ಇಲ್ಲ. ನಗುತ್ತಾ ಹಿಂದೆ ಸರಿದವಳು ಹಸಿ ಸಂಡಿಗೆಯ ಮೇಲೇ ಕೂತುಬಿಟ್ಟೆ.

"ಕಲೀತೀಯೇನು ತಲ್ಲೀ?" ಎಂದರು ಮುದುಕ. ತಾಯಿ ಎನ್ನುವುದಕ್ಕೆ ಅವರದು ತಲ್ಲಿ. "ಒಣಗಿದ ಗಟ್ಟಿ ಬಿದಿರು ಒಂದ ಐತಿ. ಆದ್ರ ಬೇಸಿಗಿ ಮುಗಿಯೂದ್ರಾಗ ನಾವು ಉಪ್ಪಲ್‌ಗೆ ಮಗನ ಮನಿಗೆ ಹೋಗ್ತೀವಿ. ಅಷ್ಟ್ರಾಗ ನೀ ಕಟ್ಟಿದ ಬಿಲ್ಲಿಂದ ನೀನ ಗುರಿ ಹೊಡದ್ರ ಬಿಲ್ಲು ನಿಂದು. ಇಲ್ಲಾಂದ್ರ ನನ್ನ ಜೋಡಿ ಟೆಂಪೋ ಹತ್ತತೈತಿ."

ಕೆಳಗಿನಿಂದ ಮುದುಕಿಯ ದನಿ ಬಂತು: "ನಾ ಇಷ್ಟ ವರ್ಷ ಸಂಸಾರ ಮಾಡೀನಿ, ಆ ಕೋಲು ಒಮ್ಮಿನೂ ಮುಟ್ಟಿಲ್ಲ. ಇಕಿಗೇನ ಬಂತು ರೋಗ."

ನಾನು ಬಂಗಾರಕ್ಕೆ ಹಟ ಹಿಡಿದವಳಲ್ಲ, ಸೀರೆಗೂ ಅಲ್ಲ. ಆ ಬಿಲ್ಲು ಬೇಕಿತ್ತು. ನನ್ನದಾಗಬೇಕಿತ್ತು. ಅಷ್ಟೇ.

ಮನೆಯವರಿಗೆ ಹೇಗೆ ಹೇಳುವುದು ಎಂದು ಯೋಚನೆ ಹತ್ತಿತು. ಮರುದಿನ ಅವರೇ ಚಪ್ಪಲಿ ಮೆಟ್ಟುತ್ತಾ ಹೇಳಿದರು: "ಆಫೀಸಿನ್ಯಾಗ ಆಡಿಟ್ ಐತಿ, ನನಗ ಪುರಸೊತ್ತಿಲ್ಲ. ಈ ಸಲ ಬಿಲ್ಲು ನೀನ ಕಟ್ಟಿಬಿಡು. ರೊಕ್ಕ ಡಬ್ಬ್ಯಾಗ ಐತಿ."

ಮುದುಕ ಹೇಳಿರಬೇಕು ಎಂದುಕೊಂಡೆ. "ನಿಮಗ ಸಿಟ್ಟಿಲ್ಲಲ್ರಿ?" ಎಂದು ಕೇಳಿದೆ.

"ಸಿಟ್ಟ್ಯಾಕ? ಹೆಣ್ಮಕ್ಕಳೂ ಕಲೀಬೇಕು ಇಂಥಾವೆಲ್ಲ."

ಅಂಥ ಮಾತು ಅವರ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆವತ್ತು ಬದನೆಕಾಯಿ ಎಣಗಾಯಿ ಮಾಡಿದೆ.

ಅವರು ಕಚೇರಿಗೆ ಹೋದ ಮೇಲೆ ದಿನಾ ನನ್ನ ಕೆಲಸ. ಬಿದಿರನ್ನು ಉದ್ದಕ್ಕೆ ಸೀಳಬೇಕು. ಹೊರಗಿನ ಸಿಪ್ಪೆಗೆ ಕತ್ತಿ ತಾಗಿಸಬಾರದು. ಬಿಲ್ಲಿನ ಗಟ್ಟಿತನ ಅದರಲ್ಲೇ ಇರುತ್ತದೆ. ಒಳಗಿನ ಬದಿ ಮಾತ್ರ ಹೆರೆಯಬೇಕು, ನಡುವೆ ದಪ್ಪ ಬಿಟ್ಟು ತುದಿಯ ಕಡೆಗೆ ತೆಳ್ಳಗೆ. ಮುದುಕನ ಕತ್ತಿ ನನ್ನ ಕೈಗೆ ಒಗ್ಗಲಿಲ್ಲ. ಈಳಿಗೆಮಣೆ ಹಾಕಿಕೊಂಡು ಕೂತು ಬಿದಿರನ್ನು ಅದರ ಅಲಗಿಗೆ ಒತ್ತಿ ಎಳೆದೆ. ಸುರುಳಿ ಸುರುಳಿಯಾಗಿ ಹೆರಕಲು ಬಂತು. ರಾತ್ರಿ ಪಲ್ಯದಲ್ಲಿ ಒಂದು ಸುರುಳಿ ಸಿಕ್ಕಿತು. ಮನೆಯವರು ಅದನ್ನು ತಾಟಿನ ಅಂಚಿಗೆ ಇಟ್ಟು, "ಎಂಥಾ ಕರಿಬೇವು ತರ್ತೀ" ಎಂದರು.

ಮೊದಲನೆಯದು ಮುರಿಯಿತು. ಒಂದು ಬದಿ ಹೆಚ್ಚು ಹೆರೆದಿದ್ದೆ. ಬಗ್ಗಿಸಿದಾಗ ಅದು ಮೊಣಕೈಯ ಹಾಗೆ ಮಡಚಿ ಫಟ್ ಎಂದಿತು.

"ಒಂದ ಕೈ ದುಡೀತದ, ಇನ್ನೊಂದ ಕೈ ಮಲಗೇತಿ. ಹಂಗಾದ್ರ ಮುರೀದ ಏನ ಮಾಡತೈತಿ?" ಎಂದರು ಮುದುಕ.

"ನಮ್ಮನಿ ಸಂಸಾರ ಹಂಗ ನಡದೈತ್ರಿ, ಮುರದಿಲ್ಲ."

ಅದಕ್ಕೆ ಮುದುಕಿಯೂ ನಕ್ಕಳು. ಉಳಿದ ಸೀಳಿನಲ್ಲಿ ಎರಡನೆಯದನ್ನು ಹೆರೆದೆ. ಸ್ವಲ್ಪ ಹೆರೆ, ಬಗ್ಗಿಸು, ನೋಡು, ಮತ್ತೆ ಹೆರೆ. ಶೇಗಡಿಯ ಕೆಂಡದ ಮೇಲೆ ಕಾಯಿಸಿ ಡೊಂಕು ತೆಗೆದೆ, ಕುಸುಬೆ ಎಣ್ಣೆ ತಿಕ್ಕಿದೆ. ಡಬ್ಬಿಯ ರೊಕ್ಕದಲ್ಲಿ ಸುಲ್ತಾನ್ ಬಜಾರಿನ ಹಗ್ಗದ ಅಂಗಡಿಯಿಂದ ಪುಂಡಿ ನಾರು ತಂದು, ತೊಡೆಯ ಮೇಲೆ ಹೊಸೆದು, ಜೇನುಮೇಣ ಸವರಿ ಬಿಲ್ಲಿನ ಹುರಿ ಮಾಡಿದೆ.

ಒಂದು ಸಂಜೆ ಮನೆಯವರು ಪೇಪರಿನ ಹಿಂದಿನಿಂದ ಕೇಳಿದರು: "ಬಿಲ್ಲು ಕಟ್ಟಿದೇನು?"

"ಕಟ್ಟಾಕತ್ತೀನ್ರಿ."

"ಇನ್ನೂ? ಲೈನ್ ಭಾಳ ಐತೇನು?"

ಬಿದಿರಿನ ಗೆರೆಯ ಮಾತು ಎಂದುಕೊಂಡೆ. "ಭಾಳ ಐತ್ರಿ. ನೆಟ್ಟಗಾಗವಲ್ದು."

"ಈ ಊರಿನ ಮಂದಿ ಯಾವಾಗ ನೆಟ್ಟಗ ನಿಂತಾರ," ಎಂದು ಹಾಳೆ ತಿರುಗಿಸಿದರು. ನನಗೆ ಅರ್ಥವಾಗಲಿಲ್ಲ. ಅವರ ಅರ್ಧ ಮಾತು ನನಗೆ ಅರ್ಥವಾಗದೆ ಹೋಗಿ ರೂಢಿಯಾಗಿತ್ತು.

ಬಿಲ್ಲು ಆಯಿತು. ಇನ್ನು ಗುರಿ. ನನ್ನ ಮದುವೆಯ ಹಳೆಯ ಗಾದಿಯನ್ನು ಮಾಳಿಗೆಗೆ ಹೊತ್ತೊಯ್ದು ನೀರಿನ ಟಾಕಿಗೆ ಒರಗಿಸಿದೆ. ಅದರ ನಡುವೆ ಒಂದು ಜೋಳದ ಖಡಕ್ ರೊಟ್ಟಿಯನ್ನು ದಬ್ಬಣದಿಂದ ಚುಚ್ಚಿದೆ. ರೊಟ್ಟಿ ಒಡೆದರೆ ಗುರಿ ಬಿದ್ದ ಹಾಗೆ ಎಂದು ಮುದುಕ ಒಪ್ಪಿದರು. ಬಾಣಕ್ಕೆ ಬಿದಿರ ಕಡ್ಡಿ, ಹಿಂದೆ ಪಾರಿವಾಳದ ಗರಿ, ಮುಂದೆ ಮೊಳೆ.

ರೊಟ್ಟಿ ಒಡೆಯಲಿಲ್ಲ. ಬಾಣ ಗಾದಿಗೆ ಬಿತ್ತು, ಟಾಕಿಗೆ ಬಿದ್ದು ಟಣ್ ಎಂದಿತು, ನಮ್ಮವರ ಒಣಗಿದ ಪಾಯಿಜಾಮದ ಕಾಲಿನೊಳಗೆ ಹೊಕ್ಕು ಅಲ್ಲೇ ಕೂತಿತು. ಪ್ರತಿ ಸಲ ಹುರಿ ಝುಂ ಎನ್ನುತ್ತಲೇ ನನಗೆ ನಗು.

"ನಗಬ್ಯಾಡ ತಲ್ಲೀ. ನಕ್ರ ಹೊಟ್ಟಿ ಅಳ್ಳಾಡತೈತಿ, ಹೊಟ್ಟಿ ಅಳ್ಳಾಡಿದ್ರ ಬಾಣ ಅಳ್ಳಾಡತೈತಿ."

"ನನ್ನ ಹೊಟ್ಟಿ ನಾ ಹೇಳಿದ್ದ ಕೇಳೂದಿಲ್ರಿ."

ಸಾಯಂಕಾಲ ಆ ರೊಟ್ಟಿ ಕಾಗೆಗೆ. ಮರುದಿನ ಮತ್ತೊಂದು. ಜೋಳದ ಹಿಟ್ಟು ಬೇಗ ತೀರುತ್ತದೆ ಎಂದು ಮನೆಯವರು ಗೊಣಗಿದರು.

ಮುದುಕ ಹೋಗುವ ದಿನ ಬಂದೇ ಬಂತು. ಆವತ್ತು ಮನೆಯವರು ಆಡಿಟ್ ಮುಗಿದ ಖುಷಿಗೆ ರಜೆ ಹಾಕಿ, ಉಂಡು, ಫ್ಯಾನಿನ ಕೆಳಗೆ ಮಲಗಿದ್ದರು. ಕೆಳಗೆ ಟೆಂಪೋಗೆ ಸಾಮಾನು ಏರಿಸುತ್ತಿದ್ದರು. ಮುದುಕ, ಮುದುಕಿ ಮಾಳಿಗೆಗೆ ಬಂದು ನಿಂತರು. ನಾನು ಹೊಡೆದೆ, ತಪ್ಪಿತು. ಮತ್ತೆ ಹೊಡೆದೆ, ಅದೂ ತಪ್ಪಿತು. ಈ ಸಲ ನಗು ಬರಲಿಲ್ಲ.

"ಕಟ್ಟಿಡ್ರಿ ಬಿಲ್ಲು, ಹೊತ್ತಾತು," ಎಂದಳು ಮುದುಕಿ.

"ಇನ್ನೊಂದ," ಎಂದೆ.

ಬಾಣ ಹೂಡಿದೆ. ಅಷ್ಟರಲ್ಲಿ ಪಕ್ಕದ ಕರೆಂಟ್ ಕಂಬದ ಮೇಲಿನಿಂದ ಒಂದು ದನಿ. ಲೈನ್‌ಮನ್ ಯಾವಾಗ ಹತ್ತಿದ್ದನೋ ನೋಡಿರಲಿಲ್ಲ. ತಂತಿ ಬಿಚ್ಚಿ, ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ: "ಅಮ್ಮಾ, ಬಿಲ್ಲು ಕಟ್ಟಲೇದು."

ಬಿಲ್ಲು ಕಟ್ಟಿಲ್ಲವಂತೆ. ಇಡೀ ಬೇಸಿಗೆ ಬೆವರು ಸುರಿಸಿದ್ದೇನೆ, ಕಂಬದ ಮೇಲಿನವನು ಬಂದು ಕಟ್ಟಿಲ್ಲ ಎನ್ನುತ್ತಾನೆ. ಮೈ ಉರಿಯಿತು.

"ಕಟ್ಟೀನಲ್ಲೋ, ಕಣ್ಣು ಕಾಣವಲ್ದೇನು?" ಎಂದು ಬಿಲ್ಲನ್ನು ಎತ್ತಿ ತೋರಿಸಿದೆ.

ಅವನು ಎರಡೂ ಕೈಯಿಂದ ಕಂಬ ತಬ್ಬಿಕೊಂಡ. "ವದ್ದಮ್ಮಾ, ವದ್ದು," ಬೇಡಮ್ಮ ಬೇಡ ಎಂದು ಬೇಡಿಕೊಂಡ.

ಅವನನ್ನು ಬಿಟ್ಟು ಗಾದಿಗೆ ತಿರುಗಿದೆ. ಅದೇ ಸಿಟ್ಟಿನಲ್ಲಿ ಕಿವಿಯ ತನಕ ಎಳೆದು ಬಿಟ್ಟೆ. ಗುರಿ ನೋಡಿದೆನೋ ಇಲ್ಲವೋ ನೆನಪಿಲ್ಲ. ರೊಟ್ಟಿ ಚೂರು ಚೂರಾಗಿ ಮಾಳಿಗೆಯ ತುಂಬ ಹಾರಿತು.

ಫ್ಯಾನ್ ನಿಂತು ಎಚ್ಚರವಾದ ನಮ್ಮವರು ಬನಿಯನ್ನಿನಲ್ಲಿ ಬೆವರುತ್ತಾ ಮೇಲೆ ಬಂದರು. ಕಂಬ ತಬ್ಬಿದ ಲೈನ್‌ಮನ್‌ನನ್ನು ನೋಡಿದರು, ನನ್ನನ್ನು ನೋಡಿದರು.

"ಕರೆಂಟ್ ಹೋಗೈತಿ. ನೀ ಬಿಲ್ಲು ಕಟ್ಟಿಲ್ಲೇನು?"

"ಕಟ್ಟೀನ್ರಿ. ಇಲ್ಲಿ ನೋಡ್ರಿ. ನೀವ ಹೇಳಿದ್ರಲ್ಲ ಕಟ್ಟು ಅಂತ."

ಅವರು ಬಿಲ್ಲನ್ನು ಮೇಲಿಂದ ಕೆಳಗೆ ನೋಡಿದರು. ತಡವಾಗಿ ತಿಳಿಯಿತು, ಅವರಿಗೂ ನನಗೂ. ರೇಡಿಯೋ ಮೇಲೆ ಇದ್ದ ಒಂದು ಕಾಗದವನ್ನು ನಾನು ದಿನಾ ಎತ್ತಿ, ಧೂಳು ಒರೆಸಿ, ಅಲ್ಲೇ ಇಡುತ್ತಿದ್ದೆ. ಅದು ಕರೆಂಟಿನ ಬಿಲ್ಲು.

ನಮ್ಮವರು ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಟಾಕಿಯ ಕಡೆ ಹೋಯಿತು. "ಅದು ನಮ್ಮ ಗಾದಿ ಅಲ್ಲೇನು?"

ಮೊದಲು ನಕ್ಕವಳು ಮುದುಕಿ. ಆಮೇಲೆ ನಾನು. ಕಂಬದ ಮೇಲಿನವನೂ ನಕ್ಕ, ಆದರೆ ಕಂಬ ಬಿಡಲಿಲ್ಲ. ನಮ್ಮವರು ನಗಬಾರದೆಂದು ತುಟಿ ಬಿಗಿಹಿಡಿದರು. ಅವರ ಹೊಟ್ಟೆಯೂ ಅವರ ಮಾತು ಕೇಳಲಿಲ್ಲ.

"ಅವ ಒದರಿದ್ದಕ್ಕ ಬಿತ್ತು. ಇಕಿ ಗುರಿ ಏನಲ್ಲ ಅದು," ಎಂದಳು ಮುದುಕಿ, ಕಣ್ಣು ಒರೆಸಿಕೊಳ್ಳುತ್ತಾ.

"ರೊಟ್ಟಿ ಒಡದೈತಿ," ಎಂದರು ಮುದುಕ. "ಯಾಕ ಒಡೀತು ಅಂತ ನಾವು ಮಾತಾಡಿರಲಿಲ್ಲ." ಬಿಲ್ಲನ್ನು ನನ್ನ ಕೈಯಲ್ಲೇ ಬಿಟ್ಟು ಕೆಳಗಿಳಿದು ಟೆಂಪೋ ಹತ್ತಿದರು.

ಮರುದಿನ ಬೆಳಿಗ್ಗೆ ರೇಡಿಯೋ ಮೇಲಿನ ಕಾಗದ ತೆಗೆದುಕೊಂಡು ಕರೆಂಟ್ ಆಫೀಸಿಗೆ ನಾನೇ ಹೋದೆ. ಲೈನ್ ನಿಜವಾಗಿಯೂ ಉದ್ದ ಇತ್ತು, ಯಾರೂ ನೆಟ್ಟಗೆ ನಿಂತಿರಲಿಲ್ಲ. ಬಿಲ್ಲು ಕಟ್ಟಿ ಮನೆಗೆ ಬಂದು ಒಲೆ ಹಚ್ಚಿದೆ. ಇಬ್ಬರಿಗೆ ಆಗುವಷ್ಟು ರೊಟ್ಟಿ ಬಡಿದ ಮೇಲೆ, ಇನ್ನೊಂದು ತೆಳ್ಳಗೆ ಬಡಿದು ಖಡಕ್ ಆಗುವ ತನಕ ಹೆಂಚಿನ ಮೇಲೆ ಬಿಟ್ಟೆ.